ಮೀಸೆ ಉಳಿದ ಕುಂಕುಮದ ಬಟ್ಟಲು

ಗೌರಿ ಹಬ್ಬ ಹತ್ತಿರ ಬಂತಲ್ಲ ಎಂದು ದೇವರ ಗೂಡನ್ನು ಒರೆಸುತ್ತಿದ್ದೆ. ಹಿಂದಿನ ಮೂಲೆಯಲ್ಲಿ ಒಂದು ಮೀಸೆ ಸಿಕ್ಕಿತು. ಗಾಬರಿಯಾಗಬೇಡಿ. ಅದು ಇದ್ದದ್ದು ಪ್ಲಾಸ್ಟಿಕ್ಕಿನ ಅರಿಶಿನ ಕುಂಕುಮದ ಬಟ್ಟಲಿನ ಮುಚ್ಚಳದ ಮೇಲೆ. ಬಹಳ ಹಿಂದೆ ನಮ್ಮ ವಾರ್ಡಿನಿಂದ ಪಾಲಿಕೆಗೆ ನಿಂತಿದ್ದವರೊಬ್ಬರು ಮನೆಮನೆಗೆ ಹಂಚಿದ ಜೋಡಿ ಬಟ್ಟಲು. ಹಾಗೆಲ್ಲ ಹಂಚಬಾರದು ಎಂದು ನಿಯಮ ಇದ್ದೀತು. ಆದರೆ ಬಾಗಿಲಿಗೆ ಬಂದ ಕುಂಕುಮವನ್ನು ಬೇಡ ಎನ್ನಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ ಹೇಳಿ. ಮುಚ್ಚಳದ ಮೇಲೆ ಅವರ ಫೋಟೊ ಇತ್ತು, ಕೈ ಮುಗಿದು ನಗುತ್ತಿದ್ದರು. ದಿನವೂ ನನ್ನ ಎಣ್ಣೆಗೈ ತಗುಲಿ ತಗುಲಿ ಮೊದಲು ಹೆಸರು ಅಳಿಸಿತು, ಆಮೇಲೆ ಚಿಹ್ನೆ, ಆಮೇಲೆ ಮುಗಿದ ಕೈ. ಕಣ್ಣು, ಮೂಗು, ನಗು ಎಲ್ಲವೂ ಒಂದೊಂದಾಗಿ ಹೊರಟುಹೋದವು. ಮೀಸೆ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಅವರಿಗೆ ನಾನು ವೋಟು ಹಾಕಿದೆನೋ ಇಲ್ಲವೋ ಈಗ ನೆನಪಿಲ್ಲ. ಗೆದ್ದರೋ ಸೋತರೋ ಅದೂ ಮಸುಕು. ಮೀಸೆ ಮಾತ್ರ ಚೆನ್ನಾಗಿ ನೆನಪಿದೆ.

ಬಟ್ಟಲನ್ನು ಬಳಸದೆ ಮೂರು ವರ್ಷವಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ಚುನಾವಣೆ ಬಂತೆಂದರೆ ಮೈಕು ಕಟ್ಟಿದ ಕಾರು ನಮ್ಮ ಬೀದಿಗೆ ಬರುತ್ತಿತ್ತು. ಕಾರಿನ ಕಿಟಕಿಯಿಂದ ಒಂದು ಕೈ ಹೊರಬಂದು ಕರಪತ್ರಗಳನ್ನು ಹಕ್ಕಿಗೆ ಕಾಳು ತೂರಿದಂತೆ ತೂರುತ್ತಿತ್ತು. ನಾವು ಮಕ್ಕಳು ಪೆಟ್ರೋಲಿನ ಹೊಗೆ ಕುಡಿಯುತ್ತ ಹಿಂದೆ ಓಡುವುದು. ಹಳದಿ ಕಾಗದ, ಗುಲಾಬಿ ಕಾಗದ, ಕೈಗೆ ಅಂಟುವ ಹಸಿ ಮಸಿ. ನನ್ನ ಹತ್ತಿರ ಎಲ್ಲ ಬಣ್ಣದವೂ ಇದ್ದವು. ನನ್ನದು ಅಷ್ಟು ನಿಷ್ಪಕ್ಷಪಾತದ ಬಾಲ್ಯ.

ಕಾನ್ವೆಂಟಿನಲ್ಲಿ ಕನ್ನಡ ನಮಗೆ ವಾರದಲ್ಲಿ ಕೆಲವೇ ಪೀರಿಯಡ್. ಹಾಗಾಗಿ ನನ್ನ ಕನ್ನಡ ಓದು ಸುಧಾರಿಸಿದ್ದು ಆ ಕರಪತ್ರಗಳಿಂದಲೇ. ದೊಡ್ಡ ಅಕ್ಷರ, ಗಟ್ಟಿ ಪದಗಳು. ಒಮ್ಮೆ ಪರೀಕ್ಷೆಯಲ್ಲಿ ಹಸುವಿನ ಬಗ್ಗೆ ಪ್ರಬಂಧ ಬಂದಿತ್ತು. ಹಸು ಸಾಧು ಪ್ರಾಣಿ, ಹಾಲು ಕೊಡುತ್ತದೆ ಎಂದೆಲ್ಲ ಬರೆದು, ಕೊನೆಗೆ ಒಂದು ಘನವಾದ ವಾಕ್ಯ ಇರಲಿ ಎಂದು, ‘ಆದ್ದರಿಂದ ಹಸುವನ್ನು ಪ್ರಚಂಡ ಬಹುಮತದಿಂದ ಆರಿಸಬೇಕಾಗಿ ಕಳಕಳಿಯ ವಿನಂತಿ’ ಎಂದು ಮುಗಿಸಿದೆ. ಕನ್ನಡದ ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರಂತೆ. ಆಮೇಲೆ ಎಷ್ಟೋ ದಿನ ನಾನು ವರಾಂಡದಲ್ಲಿ ಹೋಗುವಾಗ ಟೀಚರುಗಳು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಅದೇ ಶಾಲೆಯಲ್ಲಿ ಕ್ಲಾಸ್ ಲೀಡರ್ ಚುನಾವಣೆಯೂ ಆಗುತ್ತಿತ್ತು. ಸಿಸ್ಟರ್ ಒಬ್ಬೊಬ್ಬರಿಗೆ ಒಂದೊಂದು ಹುಣಿಸೆ ಬೀಜ ಕೊಡುತ್ತಿದ್ದರು. ನಿಂತವರ ಹೆಸರು ಅಂಟಿಸಿದ ಬಿಸ್ಕತ್ತಿನ ಡಬ್ಬಗಳಲ್ಲಿ ನಮಗೆ ಬೇಕಾದವರ ಡಬ್ಬಕ್ಕೆ ಬೀಜ ಹಾಕಬೇಕು. ಒಂದು ವರ್ಷ ನಾನೂ ನಿಂತೆ. ತನ್ನ ಡಬ್ಬಕ್ಕೆ ತಾನೇ ಹಾಕಿಕೊಳ್ಳುವುದು ಒಳ್ಳೆಯ ಹುಡುಗಿಯರ ಲಕ್ಷಣವಲ್ಲ ಎಂದು ನನಗೆ ನಾನೇ ತೀರ್ಮಾನಿಸಿ ನನ್ನ ಬೀಜವನ್ನು ಪಕ್ಕದ ಬೆಂಚಿನ ಗೆಳತಿಗೆ ಹಾಕಿದೆ. ಅವಳು ನನಗೆ ಹಾಕುತ್ತಾಳೆ ಎಂದು ನಂಬಿದ್ದೆ. ಅವಳಿಗೆ ಒಳ್ಳೆಯ ಹುಡುಗಿಯರ ಲಕ್ಷಣದ ಬಗ್ಗೆ ಬೇರೆ ಅಭಿಪ್ರಾಯವಿತ್ತು. ಸಿಸ್ಟರ್ ನನ್ನ ಡಬ್ಬವನ್ನು ಎತ್ತಿ ಅಲುಗಾಡಿಸಿದರು. ಸದ್ದೇ ಬರಲಿಲ್ಲ. ಒಂದು ಬೀಜವಾದರೂ ಇದ್ದಿದ್ದರೆ ಕಿಣಿ ಎನ್ನುತ್ತಿತ್ತು. ಆ ಸದ್ದಿಲ್ಲದ ಡಬ್ಬ ಈಗಲೂ ಕೆಲವು ಮಧ್ಯಾಹ್ನಗಳಲ್ಲಿ, ಮನೆಯಲ್ಲಿ ಗಡಿಯಾರವೊಂದೇ ಮಾತಾಡುತ್ತಿರುವಾಗ, ನೆನಪಾಗುತ್ತದೆ.

ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದೆ. ನಮ್ಮವರಿಗೆ ರಾಜಕೀಯ ಎಂದರೆ ಪಾರ್ಲಿಮೆಂಟೂ ಅಲ್ಲ, ಅಸೆಂಬ್ಲಿಯೂ ಅಲ್ಲ. ವಾರ್ಡು. ಅದರಲ್ಲೂ ನಮ್ಮ ರಸ್ತೆಯ ಮೂಲೆಯಲ್ಲಿದ್ದ ಮೋರಿಯ ಒಡೆದ ಚಪ್ಪಡಿ. ವೋಟು ಕೇಳಲು ಯಾರೇ ಬರಲಿ, ಯಾವ ಪಕ್ಷದವರೇ ಆಗಲಿ, ‘ಒಳಗೆ ಬನ್ನಿ, ಕೂತ್ಕೊಳಿ’ ಎನ್ನುವುದು. ಪಾಪ, ಅವರು ಗೇಟಿನ ಹೊರಗಿಂದಲೇ ಕೈ ಮುಗಿದು ಮುಂದಿನ ಮನೆಗೆ ಹೋಗುವ ಅವಸರದಲ್ಲಿರುತ್ತಿದ್ದರು. ಇವರು ಬಿಡಬೇಕಲ್ಲ. ‘ವತ್ಸಲಾ, ಕಾಫಿ’ ಎಂದು ಒಳಕ್ಕೆ ಕೂಗಿ, ತಮ್ಮ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ‘ಆ ಚಪ್ಪಡಿ ವಿಷಯ ಏನ್ ಮಾಡ್ತೀರಿ, ಅದನ್ನ ಮೊದಲು ಹೇಳಿ’ ಎಂದು ಶುರುಮಾಡುವರು. ನಾನು ಅಡುಗೆಮನೆಯಲ್ಲಿ ಹಾಲಿಗೆ ನೀರು ಬೆರೆಸುತ್ತ ಗೊಣಗುತ್ತಿದ್ದೆ. ಕೊನೆಕೊನೆಗೆ ಪ್ರಚಾರದ ಹುಡುಗರಿಗೆ ನಮ್ಮ ಮನೆ ಪರಿಚಯವಾಗಿಬಿಟ್ಟಿತ್ತು. ಒಮ್ಮೆ ನಾನು ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನಿಂದ ಕೇಳಿಸಿತು.

“ಸಾರ್, ಆ ಮನೆ ಬೇಡ ಸಾರ್.”

“ಯಾಕೋ, ನಮ್ಮ ವೋಟಲ್ವಾ?”

“ವೋಟ್ ನಮ್ದೇ ಇರ್ಬೋದು ಸಾರ್. ಆದ್ರೆ ಕೂರಿಸ್ಬಿಡ್ತಾರೆ.”

ನಮಗೆ ಮಕ್ಕಳಿಲ್ಲ. ಮನೆಗೆ ಬಂದು ಹೋಗುವವರು ಕಡಿಮೆ. ಅಷ್ಟು ಜನ ಒಟ್ಟಿಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದದ್ದು ಚುನಾವಣೆಯಲ್ಲಿ ಮಾತ್ರ. ನಮ್ಮವರು ಕೂರಿಸುತ್ತಿದ್ದದ್ದು ಚಪ್ಪಡಿಗಾಗಿಯೋ ಅಥವಾ ಸುಮ್ಮನೆ ಯಾರಾದರೂ ಕೂರಲಿ ಎಂದೋ, ನಾನು ಕೇಳಲಿಲ್ಲ. ಗೊಣಗಿದ್ದು ಮಾತ್ರ ಧಾರಾಳವಾಗಿ ಗೊಣಗಿದೆ.

ಈಗ ಗಿರಿಜಕ್ಕನ ವಿಷಯ ಹೇಳಬೇಕು. ಎದುರುಮನೆ. ನನಗಿಂತ ಸ್ವಲ್ಪ ದೊಡ್ಡವರು, ಮಾತಿನಲ್ಲಿ ಬಹಳ ದೊಡ್ಡವರು. ವೋಟಿನ ದಿನ ಬೆಳಿಗ್ಗೆ ಅವರೂ ನಾನೂ ಒಟ್ಟಿಗೆ ಹೊರಡುವುದು ನಮ್ಮ ಪದ್ಧತಿ. ಗಂಡಸರು ಅವರ ಪಾಡಿಗೆ ಬರಲಿ. ಸರ್ಕಾರಿ ಶಾಲೆಯ ಕೋಣೆಯಲ್ಲಿ ವೋಟು ಹಾಕಿ, ವಾಪಸು ಬರುವಾಗ ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು, ನಿಂತೇ ಕಾಫಿ ಕುಡಿದು ಮನೆಗೆ. ಯಾವುದೋ ಒಂದು ಚುನಾವಣೆಯಲ್ಲಿ ಬೆರಳಿನ ಹಸಿ ಇಂಕು ಗಿರಿಜಕ್ಕನ ಕೆನೆ ಬಣ್ಣದ ಸೀರೆಗೆ ತಾಗಿ ಕಲೆ ಹೋಗಲೇ ಇಲ್ಲ. ಅಂದಿನಿಂದ ಅವರು ಬೂತಿನಿಂದ ಹೊರಬಿದ್ದ ಕೂಡಲೇ ಆ ಬೆರಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದು ಮನೆಯವರೆಗೂ ನಡೆಯುತ್ತಿದ್ದರು, ಮಗುವಿಗೆ ಚಂದಮಾಮನನ್ನು ತೋರಿಸುವವರ ಹಾಗೆ. ದರ್ಶಿನಿಯಲ್ಲಿ ವಡೆ ಮುರಿದು ಕೊಡುವ ಕೆಲಸ ನನ್ನದು.

ಇನ್ನೊಂದು ಪದ್ಧತಿಯೂ ಇತ್ತು. ಗಿರಿಜಕ್ಕ ನಮ್ಮ ಮನೆಗೆ ಬಂದರೆ ಕುಂಕುಮ ಇಟ್ಟುಕೊಳ್ಳದೆ ಹೊಸಿಲು ದಾಟುತ್ತಿರಲಿಲ್ಲ. ಕರಿಬೇವಿನ ಒಂದು ಎಸಳು ಕೇಳಲು ಬಂದಿರಲಿ, ಒಲೆ ಮೇಲೆ ಸಾರು ಕುದಿಯುತ್ತಿದೆ ಎಂದು ಓಡುತ್ತಿರಲಿ, ಬಾಗಿಲ ಹತ್ತಿರ ನಿಂತು, ‘ಕುಂಕುಮ ಕೊಡೇ, ಹೋಗ್ತೀನಿ’ ಎಂದು ತಲೆ ಬಗ್ಗಿಸುವುದು. ನಾನು ಈ ಮೀಸೆಯ ಬಟ್ಟಲನ್ನು ತಂದು ಹಿಡಿಯುವುದು. ‘ನಿಮ್ಮ ಕಾರ್ಪೊರೇಟರು ಇವತ್ತು ಸ್ವಲ್ಪ ಮಂಕಾಗಿದಾರಲ್ಲೇ’ ಎಂದು ಅವರು ಅಳಿಸಿಹೋಗುತ್ತಿದ್ದ ಮುಖವನ್ನು ನೋಡಿ ನಗುವುದು. ತಾವು ಇಟ್ಟುಕೊಂಡು, ಅದೇ ಬೆರಳಿನಿಂದ ನನ್ನ ಹಣೆಗೂ ಒಂದು ಒತ್ತುವುದು. ಕಾನ್ವೆಂಟಿನ ಅಭ್ಯಾಸ, ನಾನು ಸಾಸಿವೆ ಕಾಳಿನಷ್ಟು ಸ್ಟಿಕ್ಕರನ್ನಷ್ಟೇ ಇಡುತ್ತಿದ್ದೆ. ‘ಇದು ಕಾಣ್ಬೇಕಾದ್ರೆ ದುರ್ಬೀನು ತರ್ಬೇಕು’ ಎಂದು ಬೈಯುತ್ತಲೇ ಅದರ ಮೇಲೆ ಒತ್ತುವರು.

ಮೂರು ವರ್ಷದ ಹಿಂದೆ ನಮ್ಮವರು ಹೋದರು. ಆಸ್ಪತ್ರೆ, ಹನ್ನೆರಡನೆಯ ದಿನ, ಬಂದುಹೋದ ನೆಂಟರು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬೆತ್ತದ ಕುರ್ಚಿ ಅಲ್ಲೇ ಇದೆ.

ಆಮೇಲೆ ಯಾರೂ ನನಗೆ ಏನೂ ಅನ್ನಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಎಲ್ಲರೂ ಒಳ್ಳೆಯವರೇ. ವರಮಹಾಲಕ್ಷ್ಮಿಗೆ, ನವರಾತ್ರಿಗೆ, ಅರಿಶಿನ ಕುಂಕುಮಕ್ಕೆ ಕರೆಯಲು ಬರುವವರು ನಮ್ಮ ಗೇಟಿನ ಮುಂದೆ ಬಂದಾಗ ಸ್ವಲ್ಪ ಜೋರಾಗಿ ನಡೆಯುತ್ತಿದ್ದರು, ಅಷ್ಟೇ. ಗಿರಿಜಕ್ಕ ಮರುದಿನ ಬೆಳಿಗ್ಗೆ ಕೋಸಂಬರಿಯನ್ನೂ ಸಿಹಿಯನ್ನೂ ಡಬ್ಬಿಗೆ ಹಾಕಿ ತಂದು ಗೇಟಿನ ಮೇಲಿಂದ ಕೊಡುವರು. ‘ತಿನ್ನೇ, ನಿಂಗಂತ ಉಪ್ಪು ಕಮ್ಮಿ ಹಾಕಿದೀನಿ’ ಎನ್ನುವರು. ಒಳಗೆ ಮಾತ್ರ ಬರುತ್ತಿರಲಿಲ್ಲ. ಬನ್ನಿ ಎಂದರೆ, ‘ಒಲೆ ಮೇಲೆ ಇಟ್ಟು ಬಂದಿದೀನಿ ಕಣೇ.’ ಎಷ್ಟೋ ತಿಂಗಳು ನಾನು ಆ ಒಲೆಯನ್ನು ನಂಬಿದ್ದೆ. ಒಳಗೆ ಬಂದರೆ ಹೊರಡುವ ಹೊತ್ತೂ ಬರುತ್ತದೆ, ಹೊರಡುವಾಗ ಬಾಗಿಲಲ್ಲಿ ನಾವಿಬ್ಬರೂ ಏನು ಮಾಡಬೇಕು ಎಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದು ಹೊಳೆದದ್ದು ನಿಧಾನವಾಗಿ. ಹೊಳೆದ ಮೇಲೆ ನಾನೂ ಬನ್ನಿ ಎನ್ನುವುದನ್ನು ಬಿಟ್ಟೆ. ರಸ್ತೆಯ ಆ ಗೇಟಿಂದ ಅವರು, ಈ ಗೇಟಿಂದ ನಾನು. ನಡುವೆ ಸ್ಕೂಟರು, ಸೊಪ್ಪಿನ ಗಾಡಿ. ಮಾತಿಗೇನೂ ಬರವಿರಲಿಲ್ಲ.

ಈ ನಡುವೆ ಪಾಲಿಕೆಯ ಚುನಾವಣೆ ಎಂಬುದು ಬರುವುದನ್ನೇ ಮರೆತಿತ್ತು. ವಾರ್ಡುಗಳನ್ನು ಮತ್ತೆ ಮತ್ತೆ ಹಂಚಿದರು, ಸೇರಿಸಿದರು, ಒಡೆದರು. ಕೊನೆಗೆ ನಮ್ಮ ಪಾಲಿಗೆ ಬಂದದ್ದೇನೆಂದರೆ ಗಡಿ ನಮ್ಮ ರಸ್ತೆಯ ನಡುವೆಯೇ ಹಾದುಹೋಯಿತು. ಆ ಸಾಲು ಒಂದು ವಾರ್ಡು, ಈ ಸಾಲು ಇನ್ನೊಂದು. ಆ ಸುದ್ದಿ ತಂದವರು ಗಿರಿಜಕ್ಕನೇ.

“ಏನೇ ವತ್ಸಲಾ, ನೀನೀಗ ಪರದೇಶದೋಳು ಕಣೇ! ನಿನ್ ವಾರ್ಡ್ ಬೇರೆ, ನನ್ ವಾರ್ಡ್ ಬೇರೆ.”

“ಹಾಗಾದ್ರೆ ವೋಟ್ ಹಾಕೋದು?”

“ನಿಂಗೆ ಅದೇ ಸ್ಕೂಲು. ನಮ್ಗೆ ಯಾವ್ದೋ ಬೇರೆ ಕಡೆ ಅಂತೆ. ಅಲ್ಲೆಲ್ಲಿ ದರ್ಶಿನಿ ಇದೆಯೋ, ಏನು ಕಥೆಯೋ.”

ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಬೆತ್ತದ ಕುರ್ಚಿಯ ಎದುರು ಸುಮ್ಮನೆ ಕೂತೆ. ವಡೆ ಮುರಿದುಕೊಡುವ ಕೆಲಸವೂ ಹೋಯಿತಲ್ಲ ಎನ್ನಿಸಿತು.

ಮೂಲೆಯ ಚಪ್ಪಡಿ ಈಗ ಸರಿಯಾಗಿ ಗಡಿಯ ಮೇಲೆ ಬಂದಿದೆ. ದೂರು ಕೊಟ್ಟರೆ ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಯಾರೋ ಪುಣ್ಯಾತ್ಮರು ಗುಂಡಿಗೆ ಹೊಂಗೆಯ ಕೊಂಬೆಯೊಂದನ್ನು ನೆಟ್ಟು ಹೋಗಿದ್ದಾರೆ, ಬೀಳುವವರು ನೋಡಿಕೊಂಡು ಬೀಳಲಿ ಎಂದು. ಚುನಾವಣೆ ಇಲ್ಲದಿದ್ದರೂ ಆಕಾಂಕ್ಷಿಗಳಿಗೆ ಕೊರತೆಯಿಲ್ಲ. ಕಂಬಕ್ಕೊಂದು ಫ್ಲೆಕ್ಸು, ‘ವಾರ್ಡಿನ ಪ್ರಬಲ ಆಕಾಂಕ್ಷಿ’ ಎಂದು. ನಾನು ಕೊಂಬೆಯ ಪಕ್ಕ ಹಾದುಹೋಗುವಾಗೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ನಮ್ಮವರು ಇದ್ದಿದ್ದರೆ ಈಗ ಎರಡು ವಾರ್ಡಿನವರನ್ನೂ ಕೂರಿಸಬಹುದಿತ್ತು.

ಈ ಸಲ ಚುನಾವಣೆ ಬಂದೇ ಬರುತ್ತದೆ ಎಂಬ ಸುದ್ದಿ ಹಬ್ಬಕ್ಕೆ ಮುಂಚೆಯೇ ಹಬ್ಬಿತು. ನಮ್ಮ ಸಾಲಿನ ಆಕಾಂಕ್ಷಿಯೊಬ್ಬರು ಮನೆಮನೆಗೆ ಗೌರಿ ಬಾಗಿನ ಕೊಡಿಸುತ್ತಿದ್ದಾರೆ ಎಂದು ಹಾಲಿನಂಗಡಿಯಲ್ಲಿ ಕೇಳಿದೆ. ಬಾಗಿನ ಮುತ್ತೈದೆಯರಿಗೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಂದು ಬೆಳಿಗ್ಗೆ ನಾನು ಏನೇನು ಮಾಡಿದೆ ಎಂದು ಹೇಳಿದರೆ ನೀವು ನಗುತ್ತೀರಿ. ಸೋಫಾದ ಮೇಲಿನ ಪೇಪರುಗಳನ್ನು ತೆಗೆದೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಡಿಕಾಕ್ಷನ್ ಹಾಕಿದೆ. ಬಾಗಿನ ಇರಲಿ ಬಿಡಲಿ, ವೋಟು ಕೇಳಲಾದರೂ ಒಳಗೆ ಬಂದಾರು, ವೋಟಿಗೆ ಹಣೆ ನೋಡುವುದಿಲ್ಲವಲ್ಲ. ಬಂದವರನ್ನು ಕೂರಿಸಿ ಚಪ್ಪಡಿಯ ವಿಷಯ ಕೇಳಬೇಕು ಎಂದುಕೊಂಡು ಕೇಳುವ ಮಾತನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ದೇವರ ಗೂಡನ್ನು ಒರೆಸಿದ್ದೂ, ಮೀಸೆ ಸಿಕ್ಕಿದ್ದೂ ಅದೇ ಸಂಭ್ರಮದಲ್ಲಿ.

ಕಾಲಿಂಗ್ ಬೆಲ್ ಸದ್ದಾಯಿತು. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಕಿಟಕಿಯಿಂದ ಮಾತು ಕೇಳಿಸಿತು. ಒಂದು ದನಿ ಹಿಂದಿನ ರಸ್ತೆಯ ಜಯಮ್ಮನದು. ಇನ್ನೊಂದು ಯಾರೋ ಹುಡುಗಿಯದು.

“ಇಲ್ಲಿ ಬೇಡಮ್ಮ. ಮುಂದಿನ್ ಮನೆಗೆ ನಡಿ.”

“ಯಾಕಕ್ಕಾ? ಆಗ್ಲೇ ಬೆಲ್ ಮಾಡ್ಬಿಟ್ನಲ್ಲ.”

“ಅಯ್ಯೋ, ಹೇಳೋವರ್ಗೂ ತಡಿಬಾರ್ದಾ! ಅವ್ರ ಯಜಮಾನ್ರು ತೀರ್ಕೊಂಡಿದಾರೆ.”

ಬಾಗಿಲು ತೆರೆಯದೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಬೆಲ್ ಆದರೆ ಬಾಗಿಲು ತೆರೆಯಬೇಕು ಎಂದು ಕಲಿಸಿದ್ದಾರಲ್ಲ, ತೆರೆದೆ. ಹುಡುಗಿಯ ಕೈಯಲ್ಲಿ ಮುಚ್ಚಿದ ಮೊರ, ಅದರ ಮೇಲೆ ಆಕಾಂಕ್ಷಿಯ ನಗುವ ಸ್ಟಿಕ್ಕರು. ಅವರಿಗೂ ಮೀಸೆ ಇತ್ತು. ಹುಡುಗಿ ನನ್ನನ್ನು ನೋಡಿದ ಕೂಡಲೇ ಮೊರವನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಮೊರ ಬೆನ್ನ ಹಿಂದೆ ಮುಚ್ಚಿಡುವಷ್ಟು ಚಿಕ್ಕದಲ್ಲ. ಎರಡೂ ಕಡೆಯಿಂದ ಕಾಣುತ್ತಿತ್ತು.

“ಏನಿಲ್ಲ ಆಂಟಿ... ಎಲೆಕ್ಷನ್ ಬಂದ್ರೆ ನಮ್ಮಣ್ಣನ್ನ ಮರೀಬೇಡಿ.”

“ಒಳಗೆ ಬಾಮ್ಮ, ಕಾಫಿ ಕುಡ್ಕೊಂಡು ಹೋಗಿ. ಜಯಮ್ಮ, ಬನ್ನಿ.”

“ಅಯ್ಯೋ, ಪರ್ವಾಗಿಲ್ಲ ವತ್ಸಲಮ್ಮ,” ಎಂದರು ಜಯಮ್ಮ, ನನ್ನನ್ನಲ್ಲ, ನಮ್ಮ ತುಳಸಿ ಗಿಡವನ್ನು ನೋಡುತ್ತ. “ಇನ್ನೂ ತುಂಬಾ ಮನೆ ಇದೆ. ಇನ್ನೊಂದಿನ ಬರ್ತೀವಿ.”

ಹೋದರು. ಚಪ್ಪಡಿಯ ಮಾತು ನನ್ನ ಬಾಯಲ್ಲೇ ಉಳಿಯಿತು. ಹಾಲು ಉಕ್ಕುವ ವಾಸನೆ ಬಂತು, ಓಡಿಹೋಗಿ ಒಲೆ ಆರಿಸಿದೆ. ಮೂರು ಲೋಟ ತೊಳೆದು ಬೋರಲು ಹಾಕಿದ್ದೆ. ಅವುಗಳನ್ನು ನೋಡುತ್ತ ನಿಲ್ಲಲಾಗದೆ ಮತ್ತೆ ಗೇಟಿಗೆ ಬಂದೆ. ಎದುರು ಗೇಟಿನಲ್ಲಿ ಗಿರಿಜಕ್ಕ ಆಗಲೇ ಅರ್ಧ ಬಗ್ಗಿ ನಿಂತಿದ್ದರು. ಅವರ ಸಾಲಿನಲ್ಲಿ ಬಾಗಿನದ ಸುಳಿವಿರಲಿಲ್ಲ. ಆ ಕಡೆಯ ಆಕಾಂಕ್ಷಿ ಕ್ಯಾಲೆಂಡರಿನ ಮೇಲೆ ನಂಬಿಕೆ ಇಟ್ಟವರು.

“ಏನೇ, ನಿಮ್ ವಾರ್ಡಿನೋರ್ದೇ ಮಜಾ! ನಮ್ಗೆ ಬರೀ ಒಂದು ಕ್ಯಾಲೆಂಡರ್, ಅದೂ ಅರ್ಧ ವರ್ಷ ಆದ್ಮೇಲೆ. ನಿಂಗೇನೇನ್ ಕೊಟ್ರೇ ಬಾಗಿನ್ದಲ್ಲಿ? ಬ್ಲೌಸ್ ಪೀಸ್ ಚೆನ್ನಾಗಿತ್ತಾ? ತೋರ್ಸೇ!”

ರಸ್ತೆಯಲ್ಲಿ ಒಂದು ಆಟೊ ಹೋಯಿತು. ಆಟೊ ಹೋದ ಮೇಲೆ ನೋಡಿದರೆ ಗಿರಿಜಕ್ಕನ ಕೈ ಬಾಯಿಯ ಮೇಲಿತ್ತು.

ನಿಜ ಹೇಳಲೇ? ಮೂರು ವರ್ಷದಲ್ಲಿ ನನಗೆ ಅಷ್ಟು ಹಿತವೆನಿಸಿದ ಮಾತು ಇನ್ನೊಂದಿಲ್ಲ. ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ನೆನಪಿರುವ ಸಂಗತಿಯನ್ನು ಒಬ್ಬರು ಮರೆತಿದ್ದರು. ಬಾಗಿನದ ಹೊಟ್ಟೆಕಿಚ್ಚಿನಲ್ಲಾದರೂ ಸರಿ, ಒಂದು ಗಳಿಗೆ ನಾನು ಅವರಿಗೆ ಬರೀ ಎದುರುಮನೆಯ ವತ್ಸಲೆಯಾಗಿದ್ದೆ.

“ಗಿರಿಜಕ್ಕ, ಕಾಫಿ ಹೆಚ್ಚಾಗಿ ಮಾಡ್ಬಿಟ್ಟಿದೀನಿ,” ಎಂದೆ. “ಬನ್ನಿ.”

ಒಲೆಯ ಮೇಲೆ ಏನೋ ಇದೆ ಎಂಬ ಮಾತು ಅವರ ತುಟಿಯವರೆಗೂ ಬಂದದ್ದು ನನಗೆ ಕಂಡಿತು. ಅದನ್ನು ನುಂಗಿಕೊಂಡು, ಎರಡೂ ಕಡೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ದಾಟಿದರು.

ಒಳಗೆ ಬಂದವರು ಎಲ್ಲಿ ಕೂರುವುದು ಎಂದು ಸ್ವಲ್ಪ ತಡವರಿಸಿದರು. ಆಮೇಲೆ ಹೋಗಿ ಬೆತ್ತದ ಕುರ್ಚಿಯಲ್ಲೇ ಕೂತರು. ಕುರ್ಚಿ ಕಿರುಗುಟ್ಟಿತು. ಅದೂ ಎಷ್ಟೋ ದಿನದ ಮೇಲೆ ಮಾತಾಡಿದ್ದು. ಕಾಫಿ ಕುಡಿಯುತ್ತ ಅವರ ಮೈದುನನ ಮಂಡಿನೋವು, ಕಾಮಾಕ್ಷಿಪಾಳ್ಯದಲ್ಲಿ ರವಿಕೆ ಹೊಲಿಯುವವಳು ತೋಳು ಕೆಡಿಸಿದ್ದು, ಎಲ್ಲವೂ ಬಂದವು. ಗೇಟಿನಿಂದ ಹೇಳುವಾಗ ಇದ್ದ ಮಾತೇ, ಆದರೆ ಕೂಗಿ ಹೇಳಬೇಕಾಗಿರಲಿಲ್ಲ.

“ಬಂದಿದ್ರಲ್ಲ ಅವ್ರು, ಚಪ್ಪಡಿ ಕೇಳಿದ್ಯಾ?” ಎಂದರು.

“ಕೇಳೋಕೆ ಅವರು ನಿಲ್ಲಲಿಲ್ಲ.”

“ಕೂರಿಸ್ಬೇಕಿತ್ತು ಕಣೇ. ನಿಮ್ಮವರಾಗಿದ್ರೆ ಬಿಡ್ತಿದ್ರಾ?” ಎಂದು ಕುರ್ಚಿಯ ತೋಳನ್ನು ತಟ್ಟಿದರು. ಹಾಗೆ ತಟ್ಟಿದ ಮೇಲೆ ಕೈಯನ್ನು ಮೆಲ್ಲಗೆ ಮಡಿಲಿಗೆ ತೆಗೆದುಕೊಂಡರು.

ಗಡಿಯಾರ ನೋಡಿ ಎದ್ದರು. ಬಾಗಿಲ ಹತ್ತಿರ ಹೋಗಿ, ಚಪ್ಪಲಿಗೆ ಕಾಲು ಹಾಕುವ ಮುಂಚೆ, ತಿರುಗಿ ನಿಂತು ತಲೆ ಬಗ್ಗಿಸಿದರು.

ಯೋಚಿಸಿ ಮಾಡಿದ್ದಲ್ಲ. ಇಪ್ಪತ್ತು ವರ್ಷ ಆ ಬಾಗಿಲಲ್ಲಿ ಬಗ್ಗಿದ ಕುತ್ತಿಗೆ, ತಾನಾಗಿ ಬಗ್ಗಿತು. ಬಗ್ಗಿದ ಮೇಲೆ ಅವರಿಗೆ ತಿಳಿಯಿತು. ತಿಳಿದರೂ ಎತ್ತಲಿಲ್ಲ. ನಾವು ಮೂರು ವರ್ಷದಿಂದ ಒಂದು ರಸ್ತೆಯನ್ನೇ ನಡುವೆ ಇಟ್ಟುಕೊಂಡು ತಪ್ಪಿಸಿಕೊಂಡು ಬಂದ ಹೊತ್ತು ಬಂದುಬಿಟ್ಟಿತ್ತು. ಕೊಡದೆ ಕಳಿಸಿದರೆ ಇನ್ನು ಅವರು ಒಳಗೆ ಬರುವುದಿಲ್ಲ. ಕೊಟ್ಟರೆ ಅವರ ಮನಸ್ಸಿಗೆ ಏನಾಗುತ್ತದೋ, ಹಬ್ಬದ ಹೊತ್ತು, ಅವರ ಯಜಮಾನರು ಹೃದಯದ ಮಾತ್ರೆ ನುಂಗುವವರು.

ದೇವರ ಗೂಡಿಗೆ ಹೋದೆ. ಒರೆಸಿಟ್ಟ ಬಟ್ಟಲು ಕೈಗೇ ಸಿಕ್ಕಿತು. ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಹಳೆಯ ಕುಂಕುಮ, ಗಟ್ಟಿಯಾಗಿತ್ತು. ನಾನು ಇಡಲಿಲ್ಲ, ಬಟ್ಟಲನ್ನು ಹಿಡಿದೆ, ಅಷ್ಟೇ. ನನ್ನ ಕೈಯಲ್ಲಿದ್ದ ಮುಚ್ಚಳವನ್ನು ಗಿರಿಜಕ್ಕ ನೋಡಿದರು.

“ಮೀಸೆ ಇನ್ನೂ ಇದೆಯಲ್ಲೇ,” ಎಂದರು.

ಉಂಗುರದ ಬೆರಳಿನಿಂದ ಕುಂಕುಮವನ್ನು ಉಜ್ಜಿ ತೆಗೆದು ತಮ್ಮ ಹಣೆಗೆ ಇಟ್ಟುಕೊಂಡರು. ತಾಳಿಗೆ ಒತ್ತಿಕೊಂಡರು. ಆಮೇಲೆ ಅದೇ ಬೆರಳು ಹಳೆಯ ದಾರಿ ಹಿಡಿದು ನನ್ನ ಹಣೆಯ ಕಡೆಗೆ ಬಂತು. ನಾನು ಹಿಂದೆ ಸರಿಯಲಿಲ್ಲ. ಮುಂದಕ್ಕೂ ಬಾಗಲಿಲ್ಲ. ಬೆರಳು ನನ್ನ ಕಣ್ಣಿನ ಮುಂದೆ, ರೆಪ್ಪೆ ಬಡಿದರೆ ತಾಗುವಷ್ಟು ಹತ್ತಿರ, ನಿಂತಿತು. ಅದರ ಗೆರೆಗಳಲ್ಲಿ ಕುಂಕುಮ ಕೂತಿದ್ದು ನನಗೆ ಕಾಣುತ್ತಿತ್ತು. ಅಷ್ಟು ಹತ್ತಿರದಿಂದ ಯಾರ ಕೈಯನ್ನಾದರೂ ನೋಡಿ ಬಹಳ ದಿನವಾಗಿತ್ತು.

“ಬರ್ತೀನಿ ಕಣೇ,” ಎಂದರು, ಬೆರಳನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು.

“ಹ್ಞೂಂ. ಚಪ್ಪಡಿ ಹತ್ರ ಹುಷಾರು,” ಎಂದೆ. ಚಪ್ಪಡಿ ಇರುವುದು ಮೂಲೆಯಲ್ಲಿ, ಅವರು ಹೋಗಬೇಕಾದದ್ದು ಎದುರುಮನೆಗೆ.

ನಾನು ಗೇಟಿನಲ್ಲಿ ನಿಂತು ನೋಡಿದೆ. ಗಿರಿಜಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಆ ಕೆಂಪು ಬೆರಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು, ವೋಟು ಹಾಕಿ ಬೂತಿನಿಂದ ಬರುವಾಗ ಹಿಡಿಯುತ್ತಿದ್ದರಲ್ಲ, ಹಾಗೇ ಹಿಡಿದುಕೊಂಡು, ಮೆಲ್ಲಗೆ ರಸ್ತೆ ದಾಟಿ ತಮ್ಮ ವಾರ್ಡಿಗೆ ಹೋದರು.